ಅಜ್ಜಿಗೂ ಅತ್ತೆಗೂ ಒಂದೇ ಸೀರೆ

"ಗೊತ್ತಿಲ್ರೀ!" ಅಂತ ಅಷ್ಟು ಜೋರಾಗಿ, ಅಷ್ಟು ಖುಷಿಯಾಗಿ ಹೇಳುವ ಡಾಕ್ಟ್ರನ್ನ ನಾನು ನೀಲಾ ಡಾಕ್ಟ್ರಿಗಿಂತ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಬೇರೆ ಡಾಕ್ಟ್ರುಗಳು ಗೊತ್ತಿಲ್ಲದಿದ್ದರೆ ಕನ್ನಡಕ ತೆಗೆದು ಒರೆಸುತ್ತಾರೆ, ಇನ್ನೊಂದು ಟೆಸ್ಟು ಬರೆಯುತ್ತಾರೆ, ಇಲ್ಲವಾದರೆ ಬಾಗಿಲ ಕಡೆ ನೋಡಿ ಮುಂದಿನವರನ್ನ ಕರೆಯುತ್ತಾರೆ. ಇವರು ಬಲಗೈಯ ತೋರುಬೆರಳನ್ನ ನೆಟ್ಟಗೆ ಮೇಲೆತ್ತಿ, ಕಣ್ಣು ಅಗಲ ಮಾಡಿ, ಲಾಟರಿ ಹೊಡೆದವರ ಹಾಗೆ "ಗೊತ್ತಿಲ್ರೀ!" ಅನ್ನೋರು.

ನನ್ನ ಮೊಮ್ಮಗಳು ಈಗ ನನ್ನ ಕಾಲ ಹತ್ತಿರ ಕೂತು ಸೌಟಿನಲ್ಲಿ ಪಾತ್ರೆ ಬಡಿಯುತ್ತಾ ಇದ್ದಾಳೆ. ಬರೆಯೋಕೇ ಬಿಡ್ತಿಲ್ಲ. ಬಡೀಲಿ ಬಿಡಿ. ಆ ಸದ್ದು ಈ ಮನೆಗೆ ಬಂದಿದ್ದು ಹೇಗೆ ಅಂತ ಹೇಳೋಕೇ ನಾನು ನೀಲಾ ಡಾಕ್ಟ್ರ ವಿಷಯ ಬರೆಯೋಕೆ ಕೂತಿರೋದು.

ಅವರು ಗದಗದ ಕಡೆಯವರು. ವಿಜಯನಗರದಲ್ಲಿ ಒಂದು ಮಹಡಿ ಮನೆಯ ಮೇಲಿನ ರೂಮಿನಲ್ಲಿ ಒಬ್ಬರೇ ಬಾಡಿಗೆಗಿದ್ದರು. ಗಿಡ್ಡ ಮೈಕಟ್ಟು, ದೊಡ್ಡ ಕುಂಕುಮ, ಗಂಜಿ ಹಾಕಿದ ಹತ್ತಿ ಸೀರೆ. ಪೆನ್ನನ್ನ ತುರುಬಿಗೆ ಸಿಕ್ಕಿಸಿಕೊಂಡು ಆಮೇಲೆ ಮೇಜಿನ ಮೇಲೆಲ್ಲ ಹುಡುಕೋರು. ತಲೇಲಿದೆ ಡಾಕ್ಟ್ರೇ ಅಂದರೆ, "ತಲ್ಯಾಗ ಏನೂ ಇಲ್ಲ ಅಂತ ನಮ್ಮವ್ವ ಅಂತಿದ್ಲು, ಪೆನ್ನರೆ ಐತಲ್ಲ" ಅಂತ ನಗೋರು. ಬ್ಯಾಗಿನಲ್ಲಿ ಯಾವಾಗಲೂ ಬಟ್ಟೆಯಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಎದುರಿಗೆ ಕೂತವರಿಗೆ ಒಂದು ಚೂರು ಮುರಿದು ಕೊಡದೆ ತಾವು ತಿಂದವರಲ್ಲ. "ಬೆಂಗಳೂರಾಗ ಎಲ್ಲಾ ಸಿಗತೈತ್ರೀ. ಮುಂಜಾನೆ ರೊಟ್ಟಿ ಬಡಿಯೋ ಸಪ್ಪಳ ಒಂದು ಸಿಗಂಗಿಲ್ಲ" ಅನ್ನೋರು.

ಬಸ್ಸಿನಲ್ಲಿ ಅವರ ಜೊತೆ ಹೋಗೋದೇ ಒಂದು ತಮಾಷೆ. ಒಂದು ಸಲ ಮಾಗಡಿ ರೋಡಿನ ಬಸ್ಸಲ್ಲಿ ಕಂಡಕ್ಟರನ್ನ ಹಿಡ್ಕೊಂಡು, "ತಮ್ಮಾ, ಈ ಮೂಗು ನಿಮ್ಮವ್ವಂದೋ ಅಪ್ಪಂದೋ?" ಅಂತ ಕೇಳಿಬಿಟ್ಟರು. ಅವನು ಸಿಡುಕಿಕೊಂಡು "ನಂದೇ ಮೇಡಂ, ಟಿಕೆಟ್ ತಗೊಳಿ" ಅಂದ. ಎರಡು ಸ್ಟಾಪು ಆದಮೇಲೆ ತಾನಾಗಿ ಬಂದು, "ನಮ್ಮ ಸೋದರತ್ತೇದಂತೆ ಮೇಡಂ, ಎಲ್ರೂ ಅಂತಾರೆ" ಅಂದ. ಡಾಕ್ಟ್ರಿಗೆ ಅವತ್ತೆಲ್ಲ ಸಂತೋಷ. ಕಿವಿ, ಮೂಗು, ಹಲ್ಲು ನೋಡಿದರೆ ಯಾರ ಕಡೆಯಿಂದ ಬಂತು ಅಂತ ಹುಡುಕೋದೇ ಅವರ ಚಾಳಿ. ಕೆಲಸವೂ ಅದೇ. ಆಸ್ಪತ್ರೆಯಲ್ಲಿ ಅವರು ಆಪರೇಷನ್ ಮಾಡೋರಲ್ಲ. ವಂಶದಲ್ಲಿ ಇಳಿದು ಬರೋ ಕ್ಯಾನ್ಸರ್ ಇದೆಯಾ ಅಂತ ರಕ್ತದಲ್ಲಿ ಹುಡುಕಿಸಿ, ಸಿಕ್ಕಿದ್ದಕ್ಕೆ ಅರ್ಥ ಏನು ಅಂತ ಮನೆಯವರನ್ನ ಕೂರಿಸಿಕೊಂಡು ಬಿಡಿಸಿ ಹೇಳೋರು.

ನಾವು ಅವರ ಹತ್ತಿರ ಹೋಗಿದ್ದು ನನ್ನ ದೊಡ್ಡ ಮಗಳು ಗೀತಾಳ ದೆಸೆಯಿಂದ. ನಲವತ್ತು ತುಂಬೋಕೆ ಮುಂಚೆಯೇ ಅವಳಿಗೆ ಎದೆಯಲ್ಲಿ ಗಂಟು ಬಂತು. ಆಪರೇಷನ್ನು, ಔಷಧಿ, ಕೂದಲೆಲ್ಲ ಹೋಗಿ ಮತ್ತೆ ಬಂದಿದ್ದು, ದೇವರ ದಯೆ, ಎಲ್ಲ ದಾಟಿದಳು. ಈಗ ಅವಳದು ಗುಂಗುರು ಕೂದಲು, ಮೊದಲಿಗಿಂತ ಚೆನ್ನಾಗಿದೆ. ಇಷ್ಟು ಚಿಕ್ಕ ವಯಸ್ಸಿಗೆ ಬಂದಿದೆ, ವಂಶದ್ದಾ ಅಂತ ನೋಡೋಣ ಅಂತ ಆಸ್ಪತ್ರೆಯವರು ಹೇಳಿದರು. ಗೀತಾನೂ, "ನಂಗಾಗಿದ್ದು ಶೋಭಂಗೆ ಆಗಬಾರ್ದು ಅಮ್ಮ" ಅಂತ ರಕ್ತ ಕೊಟ್ಟಳು. ಶೋಭಾ ನನ್ನ ಚಿಕ್ಕ ಮಗಳು. ಮದುವೆಯಾಗಿ ಆಗ ಒಂದು ವರ್ಷ.

ರಕ್ತ ದೂರದ ಲ್ಯಾಬಿಗೆ ಹೋಗಿ, ಎಷ್ಟೋ ದಿನಕ್ಕೆ ಉತ್ತರ ಬಂತು. ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸ ಇದೆ ಅಂತ. "ಅದೇ ಕ್ಯಾನ್ಸರ್ ತಂದಿದ್ದಾ ಡಾಕ್ಟ್ರೇ?" ಅಂತ ಕೇಳಿದೆ. ಮೊದಲನೇ ಸಲ ಆ ಬೆರಳು ಮೇಲೆದ್ದಿದ್ದು ಆವಾಗ.

"ಗೊತ್ತಿಲ್ರೀ!"

ನನಗೆ ಮೈಯೆಲ್ಲ ಉರಿದುಹೋಯ್ತು. ಇಷ್ಟು ದಿನ ಕಾಯಿಸಿ ಗೊತ್ತಿಲ್ಲ ಅನ್ನೋಕೆ ಇವರೇ ಬೇಕಾ? ಅವರು ನನ್ನ ಮುಖ ನೋಡಿ ನಮ್ಮನೆಯವರ ಕಡೆ ತಿರುಗಿದರು. ನಮ್ಮನೆಯವರು ಬಿನ್ನಿಪೇಟೆಯ ಮಿಲ್ಲಿನಲ್ಲಿ ನೇಯೋ ಕೆಲಸದಲ್ಲಿದ್ದವರು. ಮಾತು ಬಹಳ ಕಮ್ಮಿ.

"ಯಜಮಾನ್ರ, ನೀವ ಹೇಳ್ರೀ. ಇಷ್ಟುದ್ದ ಬಿಳಿ ಬಟ್ಟಿಯೊಳಗ ಒಂದ ಎಳಿ ಬ್ಯಾರೆ ಬಣ್ಣದ್ದು ಬಂದೈತಿ. ಅದು ಹರಿಯೋ ಎಳಿನೋ ಗಟ್ಟಿ ಎಳಿನೋ, ಬರೀ ಬಣ್ಣ ನೋಡಿ ಹೇಳ್ತೀರೇನು?"

"ಆಗಲ್ಲ" ಅಂದರು ನಮ್ಮನೆಯವರು. "ಎಳೆದು ನೋಡಬೇಕು."

"ಅಷ್ಟ ನೋಡ್ರೀ! ಎಳದು ನೋಡೂತನಕ ನಾನೂ ಹೇಳಂಗಿಲ್ಲ. ಇಂಥಾ ಬಣ್ಣದ ಎಳಿ ನನ್ನೊಳಗೂ ಇರ್ತಾವು, ನಿಮ್ಮೊಳಗೂ ಇರ್ತಾವು. ಬಹಳಷ್ಟು ಯಾರಿಗೂ ಏನೂ ಮಾಡಂಗಿಲ್ಲ. ಇದು ಎಂಥಾದ್ದು ಅಂತ ಹೇಳಾಕ ಇನ್ನೂ ಬೇಕಾದಷ್ಟು ಮನಿತನ ಯಾರೂ ನೋಡಿಲ್ಲ."

ಕೇಳಿಸಿಕೊಂಡು ಮನೆಗೆ ಬಂದೆವು. ಮನೆಯಲ್ಲಿ ಬೇರೆಯೇ ಕಥೆ. ಒಬ್ಬೊಬ್ಬ ನೆಂಟರದು ಒಂದೊಂದು ಮಾತು. ಗೊತ್ತಿಲ್ಲ ಅಂದರೆ ಇದೆ ಅಂತಲೇ ಲೆಕ್ಕ, ಮುಖಕ್ಕೆ ಹೊಡೆದ ಹಾಗೆ ಹೇಳಬಾರದು ಅಂತ ಹಾಗಂದಿದ್ದಾರೆ ಅಂತ. ಶೋಭಾ ಆ ಮಾತನ್ನೇ ಹಿಡಿದುಕೊಂಡಳು. ಇನ್ನೊಂದು ಕಡೆ ಹೋಗಿ ಯಾರನ್ನೋ ಕೇಳಿದಳಂತೆ. ಅವರು, ಯಾಕೆ ತಲೆನೋವು, ಎದೆಯನ್ನೂ ಅಂಡಾಶಯವನ್ನೂ ತೆಗೆಸಿಬಿಟ್ಟರೆ ನಿಶ್ಚಿಂತೆ ಅಂದರಂತೆ. ದೀಪಾವಳಿ ಆದಮೇಲೆ ಅಂತ ದಿನವನ್ನೂ ಮಾತಾಡಿಕೊಂಡು ಬಂದಳು.

"ಮಕ್ಕಳು ಬೇಡ್ವೇನೇ?" ಅಂದೆ.

"ಅಕ್ಕನ ಒದ್ದಾಟ ನೋಡಿದೀನಲ್ಲಮ್ಮ. ಅವಳ ಮಗ ಬಾಗಿಲ ಹಿಂದೆ ನಿಂತ್ಕೊಂಡು ಅಳ್ತಿದ್ದ. ನಂಗೆ ಮಗು ಹುಟ್ಟಿ ಅದೂ ಹಂಗೆ ನಿಂತ್ಕೋಬೇಕಾ?"

ಮೂರು ದಿನ ನನ್ನ ಕೈಗೆ ಉಪ್ಪು ಖಾರದ ಹದ ಸಿಗಲಿಲ್ಲ. ಕೊನೆಗೆ ಅವಳ ಕೈ ಹಿಡಿದು ನೀಲಾ ಡಾಕ್ಟ್ರ ಮುಂದೆ ಕೂರಿಸಿದೆ. ಅವತ್ತು ಅವರು ನಗಲಿಲ್ಲ.

"ತಂಗೀ, ಅದು ಕೆಟ್ಟದ್ದು ಅಂತ ಗೊತ್ತಿದ್ರ ನಾನ ನಿನ್ನ ಆಪರೇಷನ್‌ಗೆ ಕಳಸ್ತಿದ್ದೆ, ಜೋಡಿಗೂ ಬರ್ತಿದ್ದೆ. ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಮೈ ಕೊಯ್ಸಿಕೋಬ್ಯಾಡ. ಕೊಯ್ದದ್ದನ್ನ ತಿರುಗಿ ಹಚ್ಚಾಕ ಬರಂಗಿಲ್ಲ."

"ನಂಗೂ ಅದು ಇದೆಯಾ ಅಂತಾದ್ರೂ ನೋಡಿ ಮತ್ತೆ."

"ಐತಿ ಅಂತ ಬಂದ್ರ ಏನ್ ಹೇಳ್ಲಿ? ಗೊತ್ತಿಲ್ಲದ್ದು ನಿನ್ನೊಳಗೂ ಐತಿ ಅಂತ ಹೇಳಬೇಕು. ಅದರಿಂದ ನಿನಗ ನಿದ್ದಿ ಬರ್ತದೇನು? ಸಂಕ್ರಾಂತಿ ತನಕ ನನಗ ಟೈಮ್ ಕೊಡವಾ. ನಿಮ್ಮ ಮನ್ಯಾಗಿನ ವಯಸ್ಸಾದವರ ರಕ್ತ ನೋಡ್ತೀನಿ. ಮುದುಕ್ಯಾರು ಇದನ್ನ ಇಟ್ಕೊಂಡು ಗಟ್ಟಿಮುಟ್ಟಾಗಿ ಇದ್ರ ಅದೂ ಒಂದು ಸಾಕ್ಷಿ."

ಶೋಭಾ ಒಲ್ಲದ ಮನಸ್ಸಲ್ಲಿ ಹೂಂ ಅಂದಳು.

ಈಗ ನೆಂಟರನ್ನ ಆಸ್ಪತ್ರೆಗೆ ಕರೆಸಬೇಕಲ್ಲ. ಯಾರೂ ಬರಲೊಲ್ಲರು. ಮನೆಯಲ್ಲಿ ಮದುವೆಗಿರೋ ಹುಡುಗೀರಿದ್ದಾರೆ, ಕ್ಯಾನ್ಸರ್ ಆಸ್ಪತ್ರೆ ಬಾಗಿಲಲ್ಲಿ ಯಾರಾದರೂ ನೋಡಿದರೆ ಗತಿ ಏನು ಅಂತ ಒಬ್ಬರು. ನಮ್ಮಮ್ಮನ ತಂಗಿ, ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ, ಮದುವೆಗೇನೂ ಇಲ್ಲ, ಅವರೂ ಬರಲಿಲ್ಲ. ನನಗೆ ಥಟ್ಟನೆ ಹೊಳೆಯಿತು. "ಡಾಕ್ಟ್ರೇ, ಮಹಾಲಯ ಅಮಾವಾಸ್ಯೆ ಬರ್ತಾ ಇದೆ. ಹಿರಿಯರ ಹಬ್ಬಕ್ಕೆ ಎಲ್ರೂ ನಮ್ಮನೇಗೇ ಬರ್ತಾರೆ. ನೀವೇ ಬಂದ್ಬಿಡಿ" ಅಂದೆ.

ಬಂದರಲ್ಲ! ಒಬ್ಬರು ನರ್ಸಮ್ಮನನ್ನ ಕರೆದುಕೊಂಡು, ಐಸ್ ತುಂಬಿದ ಡಬ್ಬಿ ಹಿಡಿದುಕೊಂಡು ಬೆಳಿಗ್ಗೆಯೇ ಇಳಿದರು. ನಮ್ಮ ಹಳೇ ಮನೆ ಅನ್ನಪೂರ್ಣೇಶ್ವರಿ ನಗರದ ಪಕ್ಕದಲ್ಲಿದೆ. ಲೇಔಟು ಬರೋಕೆ ಮುಂಚೆ ಸುತ್ತ ನಮ್ಮದೇ ರಾಗಿ ಹೊಲ. ಒಳಗೆ ಮಸಾಲೆ ಅರೆಯುತ್ತಾ ಇದ್ದೆವು, ಹಿತ್ತಲಲ್ಲಿ ಮಟನ್ ಬೇಯುತ್ತಾ ಇತ್ತು. ಡಾಕ್ಟ್ರು ಮೂಗಿಗೆ ಸೆರಗು ಹಿಡಿದು, "ನಾವು ತಿನ್ನಂಗಿಲ್ರೀ, ಆದ್ರ ವಾಸನಿ ಭಾರಿ ಐತಿ" ಅಂದರು. ಅವರಿಗೆ ಕಜ್ಜಾಯ, ವಡೆ ಬೇರೆ ಎತ್ತಿಟ್ಟಿದ್ದೆ. ಎಡೆ ಇಡೋವರೆಗೆ ಯಾರೂ ತಿನ್ನೋ ಹಾಗಿಲ್ಲವಲ್ಲ, ಹಸಿದಿದ್ದ ನಮ್ಮ ಚಿಕ್ಕಪ್ಪ ತೋಳು ಮಡಚಿಕೊಂಡು, "ಸತ್ತೋರಿಗೆ ಬ್ರಾಂದಿ ಮಟನ್ನು, ಬದುಕಿರೋರ ಮೈಯಿಂದ ರಕ್ತ. ಇದ್ಯಾವ ನ್ಯಾಯ ಡಾಕ್ಟ್ರಮ್ಮ?" ಅಂದರು. "ನೀವು ಸತ್ತಮ್ಯಾಲೆ ನಿಮಗೂ ಬ್ರಾಂದಿ ಇಡಸ್ತೀನ್ರೀ ಕಾಕಾ, ಈಗ ಕೈ ಚಾಚ್ರಿ" ಅಂದರು ಇವರು. ಮನೆಯೆಲ್ಲ ನಗು. ಚಿಕ್ಕಪ್ಪ ಕೈ ಚಾಚಿದರು. ಅವರ ಹಿಂದೆ ಒಬ್ಬೊಬ್ಬರೇ ಬಂದು ಕೂತರು.

ನಮ್ಮಲ್ಲಿ ತೀರಿಕೊಂಡವರಿಗೆಲ್ಲ ಹೊಸ ಬಟ್ಟೆ ಇಡುತ್ತೇವೆ. ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ, ಸಾಲಾಗಿ ಗೋಡೆಯ ಕೆಳಗೆ. ಪಕ್ಕದಲ್ಲಿ ಅವರವರಿಗೆ ಇಷ್ಟವಾದದ್ದು, ಒಬ್ಬರಿಗೆ ಬೀಡಿ, ಒಬ್ಬರಿಗೆ ಎಲೆಯಡಿಕೆ ಹೊಗೆಸೊಪ್ಪು. ಡಾಕ್ಟ್ರು ಆ ಸಾಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ನಮ್ಮ ವಂಶದ ಚಿತ್ರ ಬರೆದಿದ್ದ ಕಾಗದ ಹಾಸಿಕೊಂಡು, "ಇದು ಯಾರದು? ಏನಾಗಿ ಹೋದ್ರು?" ಅಂತ ಒಂದೊಂದೇ ಕೇಳತೊಡಗಿದರು. ಆಸ್ಪತ್ರೆ ಅಂದರೆ ಬಾಯಿಗೆ ಬೀಗ ಹಾಕಿಕೊಂಡವರೆಲ್ಲ ಎಡೆಯ ಮುಂದೆ ನಾ ಮುಂದು ತಾ ಮುಂದು ಅಂತ ಹೇಳಿದರು. ಆ ಹೊತ್ತಿನಲ್ಲಿ ನಮ್ಮ ಜನಕ್ಕೆ ಸತ್ತವರ ಮಾತು ಬಿಟ್ಟು ಬೇರೆ ಮಾತೇ ಇರೋದಿಲ್ಲ. ಒಬ್ಬರು ಹಾವು ಕಡಿದು, ಒಬ್ಬರು ಕೆಮ್ಮು ಬಂದು, ಬಹಳ ಜನ ಸುಮ್ಮನೆ ಮುದುಕರಾಗಿ.

ಸಾಲು ಮುಗಿಯಿತು. ಡಾಕ್ಟ್ರು ಕಾಗದ ನೋಡಿದರು, ಸಾಲು ನೋಡಿದರು.

"ಸಾವಿತ್ರಕ್ಕಾರ, ಒಂದ್ ಸೀರಿ ಕಡಿಮಿ ಬಿತ್ತಲ್ರೀ. ನಿಮ್ಮ ಅಜ್ಜಿದು ಈ ಹಸರ ಸೀರಿ ಅಂದ್ರಿ. ನಿಮ್ಮ ಅತ್ತಿದು ಎಲ್ಲಿ?"

"ಅದೇ."

"ಇದು ಅಜ್ಜಿದು ಅಲ್ಲೇನು?"

"ಹೂಂ, ಅಜ್ಜೀದೂ ಅದೇ, ಅತ್ತೇದೂ ಅದೇ."

"ಇಬ್ಬರಿಗೆ ಒಂದ ಸೀರಿ! ಅಷ್ಟ್ಯಾಕ ಜಿಪುಣತನ ಮಾಡ್ತೀರಿ?"

"ಇಬ್ಬರೆಲ್ಲಿ ಡಾಕ್ಟ್ರೇ? ಒಬ್ಬರೇ ಅಲ್ವಾ. ನಾನು ನಮ್ಮಮ್ಮನ ತಮ್ಮನ್ನೇ ತಾನೇ ಮದುವೆ ಆಗಿರೋದು!"

ನನಗೆ ಅದು ಹೇಳಬೇಕಾದ ವಿಷಯ ಅಂತಲೇ ಅನಿಸಿರಲಿಲ್ಲ. ನಮ್ಮಲ್ಲಿ ಸೋದರಮಾವನಿಗೆ ಕೊಡೋದು ಇದ್ದದ್ದೇ. ತವರಿನ ಕಡೆ ಕೇಳಿದಾಗ ಅಜ್ಜಿ ತೊಂಬತ್ತು ಬದುಕಿದ್ರು ಅಂದಿದ್ದೆ, ಗಂಡನ ಕಡೆ ಕೇಳಿದಾಗ ಅತ್ತೆ ತೊಂಬತ್ತು ಬದುಕಿದ್ರು ಅಂದಿದ್ದೆ. ಅವರು ಕಾಗದದ ಎರಡು ತುದಿಯಲ್ಲಿ ಇಬ್ಬರು ಮುದುಕಿಯರನ್ನ ಬರೆದುಕೊಂಡಿದ್ದರು. ನೆಲದ ಮೇಲೆ ಕೈಯೂರಿ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರೋವರೆಗೆ. ಆಮೇಲೆ ತಲೆ ಚಚ್ಚಿಕೊಂಡರು. "ಗೀತಾಗ ಕೇಳಿದ್ದೆ, ಸಂಬಂಧದೊಳಗ ಮದುವಿ ಆಗೀಯೇನು ಅಂತ. ಅಕಿ ಗಂಡ ಹೊರಗಿನವ, ಇಲ್ಲ ಅಂದ್ಲು. ಅಕಿ ಅವ್ವ ಅಪ್ಪಂದು ಕೇಳಬೇಕಿತ್ತಲ್ಲ, ನನ್ನ ಬುದ್ಧಿ ಎಲ್ಲಿ ಹೋಗಿತ್ತು?"

ತುರುಬಿನಿಂದ ಪೆನ್ನು ಕಿತ್ತು, ಎರಡು ತುದಿಯನ್ನ ಗೆರೆ ಎಳೆದು ಸೇರಿಸಿದರು. ನನ್ನ, ನಮ್ಮನೆಯವರ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ಶೋಭಾಳನ್ನೂ ನೋಡಿದರು. ನಗು ಇರಲಿಲ್ಲ, ಬೇಟೆ ಕಂಡ ಬೆಕ್ಕಿನ ಹಾಗೆ ಕಣ್ಣು ಹೊಳೆಯುತ್ತಿತ್ತು.

"ಶೋಭಾ, ಬಾ ಇಲ್ಲಿ. ಈಗ ನಿನ್ನ ರಕ್ತನೂ ಬೇಕವಾ. ಈಗ ಅದಕ್ಕ ಅರ್ಥ ಐತಿ."

ಎಡೆಗಿಟ್ಟ ಸೀರೆ ಆಮೇಲೆ ಮನೆಯ ಹೆಣ್ಣುಮಗಳಿಗೆ ಕೊಡೋದು ನಮ್ಮ ಪದ್ಧತಿ. ಆ ವರ್ಷ ಅಜ್ಜಿಯ ಹಸಿರು ಸೀರೆಯನ್ನ ನಾನು ನೀಲಾ ಡಾಕ್ಟ್ರ ಮಡಿಲಿಗೆ ಹಾಕಿದೆ.

ಸಂಕ್ರಾಂತಿ ಹತ್ತಿರ ಬಂತು. ವಿಜಯನಗರ ಮಾರ್ಕೆಟ್ಟಿನಲ್ಲಿ ಕಬ್ಬು ಇಳಿಯೋಕೆ ಶುರುವಾಗಿತ್ತು. ಡಾಕ್ಟ್ರು ನಮ್ಮನ್ನೆಲ್ಲ ಕರೆಸಿದರು. ಬೆಂಚಿನ ಮೇಲೆ ಶೋಭಾ ನನಗೂ ಗೀತಾಗೂ ನಡುವೆ ಕೂತಿದ್ದಳು.

"ಸಾವಿತ್ರಕ್ಕಾರ, ಆ ಎಳಿ ನಿಮ್ಮೊಳಗ ಐತಿ. ಯಜಮಾನ್ರೊಳಗೂ ಐತಿ. ನಿಮ್ಮ ಚಿಕ್ಕಮ್ಮನೊಳಗೂ ಐತಿ. ಅಜ್ಜಿದೋ ತಾತಂದೋ, ಒಂದ ಮನಿಯಿಂದ ಹೊಂಟಿದ್ದು. ಗೀತಾಗ ಒಂದು ಬಂತು." ಶೋಭಾಳ ಕಡೆ ತಿರುಗಿದರು. "ಶೋಭಾಗ ಎರಡು ಬಂದಾವು. ಅವ್ವಂದೊಂದು, ಅಪ್ಪಂದೊಂದು."

ಶೋಭಾ ಬಿಳಿಚಿಕೊಂಡುಬಿಟ್ಟಳು. "ಅಕ್ಕಂಗೆ ಒಂದಕ್ಕೇ ಅಷ್ಟಾಯ್ತು. ನಂಗೆ ಎರಡಾ?" ಅಂದಳು. ಸಂಬಂಧದಲ್ಲಿ ಮದುವೆಯಾಗಿ ನಾವೇ ಕೂಸಿಗೆ ಎರಡು ಪಾಲು ವಿಷ ಕೊಟ್ಟೆವಾ ಅನಿಸಿತು.

ಡಾಕ್ಟ್ರು ಎದ್ದು, ಮೇಜು ಸುತ್ತಿಕೊಂಡು ಬಂದು, ಅವಳ ಗಲ್ಲ ಹಿಡಿದರು. ನಗುತ್ತಾ ಇದ್ದಾರೆ! "ಏ ಹುಚ್ಚಿ, ಅದ ಸಂತೋಷದ ಸುದ್ದಿ! ಕೇಳಿಲ್ಲಿ. ಈ ಜೀನು ಮೈಯೊಳಗಿನ ರಿಪೇರಿ ಕೆಲಸದ್ದು. ಎಲ್ಲಾರಿಗೂ ಎರಡೆರಡು ಇರ್ತಾವು. ಎರಡೂ ನಿಜವಾಗ್ಲೂ ಕೆಟ್ಟಿದ್ರ ಕೂಸು ಹುಟ್ಟೂದ ಕಷ್ಟ. ಹುಟ್ಟಿದ್ರೂ ಸಣ್ಣಾಕಿದ್ದಾಗಿಂದ ಮೈಯಾಗ ರಕ್ತ ತಯಾರಾಗವಲ್ದು ಅಂತ ಆಸ್ಪತ್ರಿ ತಿರಗತಿದ್ದಿ. ನಿನಗ ಸಣ್ಣಾಕಿದ್ದಾಗ ಏನ್ ರೋಗ ಬಂದಿತ್ತು?"

"ಏನೂ ಇಲ್ಲ. ಮಂಗನಬಾವು" ಅಂದೆ ನಾನು.

"ಯಜಮಾನ್ರ, ಹಾಸಿನೊಳಗೂ ಅದ ಎಳಿ, ಹೊಕ್ಕಿನೊಳಗೂ ಅದ ಎಳಿ. ಅದು ಹರಿಯೋ ಎಳಿ ಆಗಿದ್ರ ಎರಡೂ ಕೂಡೋ ಜಾಗದಾಗ ತೂತು ಬೀಳಬೇಕಿತ್ತಲ್ರೀ. ತೂತು ಎಲ್ಲೈತಿ?"

ನಮ್ಮನೆಯವರು ಮಗಳ ನೆತ್ತಿಯ ಮೇಲೆ ಕೈಯಿಟ್ಟು, ಬಟ್ಟೆ ತಡವಿ ನೋಡೋ ಹಾಗೆ ನಿಧಾನಕ್ಕೆ ಸವರಿದರು. "ಇಲ್ಲ. ಗಟ್ಟಿಯಾಗಿದೆ" ಅಂದರು. ಅವರ ಕಣ್ಣಲ್ಲಿ ನೀರು ನಾನು ಕಂಡಿದ್ದು ಅವತ್ತೇ.

ಗೀತಾ ಮಾತ್ರ ಮೆಲ್ಲಗೆ ಕೇಳಿದಳು, "ಹಂಗಾದ್ರೆ ನಂಗ್ಯಾಕೆ ಬಂತು ಡಾಕ್ಟ್ರೇ?" ಬೆರಳು ಮೇಲೇಳಲಿಲ್ಲ. ಅವಳ ಪಕ್ಕ ಬೆಂಚಿನ ಮೇಲೆ ಕೂತು, ಕೈ ಹಿಡಿದುಕೊಂಡು, "ಗೊತ್ತಿಲ್ಲವಾ" ಅಂದರು, ನಮಗೆ ಕೇಳಿಸಿತೋ ಇಲ್ಲವೋ ಅನ್ನೋವಷ್ಟು ಸಣ್ಣಗೆ. ಅದಕ್ಕೇ ಶೋಭಾಗೂ ಕಟ್ಟುನಿಟ್ಟಾಗಿ ಹೇಳಿದರು, ಅಕ್ಕನಿಗೆ ಬಂದಿರೋದರಿಂದ ವರ್ಷ ವರ್ಷ ತೋರಿಸಿಕೊಳ್ಳೋದನ್ನ ಬಿಡೋ ಹಾಗಿಲ್ಲ ಅಂತ. ಅಷ್ಟಕ್ಕೂ ಸುಮ್ಮನಾಗಲಿಲ್ಲ ಅವರು. ನಾನೊಬ್ಬಾಕಿ ಹೇಳಿದ್ರ ಸಾಲಂಗಿಲ್ಲ ಅಂತ ನಮ್ಮ ಮನೆಯ ವಿಷಯವನ್ನೆಲ್ಲ ಲ್ಯಾಬಿಗೆ ಕಳಿಸಿದರು. ಅಲ್ಲಿಯವರು ಬೇರೆ ಮನೆತನಗಳ ಜೊತೆ ಸೇರಿಸಿ ನೋಡಿ, ಯುಗಾದಿ ಹೊತ್ತಿಗೆ ಉತ್ತರ ಬದಲಾಯಿಸಿದರು. ಇದು ತೊಂದರೆ ಕೊಡದ ವ್ಯತ್ಯಾಸ, ಅಷ್ಟೇ. ಶೋಭಾ ಆಪರೇಷನ್ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ವರ್ಷ ನನ್ನ ಮನೆಯಲ್ಲಿ ತೊಟ್ಟಿಲು ತೂಗಿತು. ಹೆಣ್ಣು ಮಗು! ಗುಂಡು ಗುಂಡಾಗಿ, ತಲೆ ತುಂಬ ಕೂದಲು. ಬೀದಿಯಲ್ಲೆಲ್ಲ ಸಕ್ಕರೆ ಹಂಚಿದೆ, ಸಾಲದೆ ಪಕ್ಕದ ಬೀದಿಗೂ ಹೋದೆ.

ನೀಲಾ ಡಾಕ್ಟ್ರನ್ನ ನಾನು ಕೊನೇ ಸಲ ನೋಡಿದ್ದು ಮಗುವಿಗೆ ಮೂರು ತಿಂಗಳಾಗಿದ್ದಾಗ. ತಾಯಿಗೆ ಕೈಲಾಗುತ್ತಿಲ್ಲ ಅಂತ ಊರ ಕಡೆಯೇ ಕೆಲಸ ಹಿಡಿದಿದ್ದರು, ಆ ವಾರ ಹೊರಡೋರು. ಬೆಳಿಗ್ಗೆ ಹೇಳಿ ಹೋಗೋಕೆ ಬಂದರು. ಅಜ್ಜಿಯ ಹಸಿರು ಸೀರೆ ಉಟ್ಟಿದ್ದರು. ನಾನು ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನ ಮೊಣಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕುತ್ತಾ ಇದ್ದೆ. ಹಬೆಯಲ್ಲಿ ಬಾಗಿಲಿಗೆ ಬಂದು ನಿಂತರು. ಎಷ್ಟು ಹೊತ್ತು ನೋಡಿದರೋ.

"ಈಕಿ ಮೂಗು ನಿಮ್ಮಜ್ಜಿದೇನ್ರೀ?"

"ನಮ್ಮತ್ತೇದು" ಅಂದೆ. ಇಬ್ಬರೂ ನಕ್ಕೆವು.

"ಬನ್ನಿ, ನೀವೇ ನೀರು ಹಾಕಿ, ನಿಮ್ಮದೇ ಕೂಸು" ಅಂದೆ.

ಬೆರಳು ನೆಟ್ಟಗೆ ಮೇಲೆದ್ದಿತು. "ಇದು ನನಗ ಗೊತ್ತಿಲ್ರೀ!"

"ನಂಗೊತ್ತು. ಕೂತ್ಕೊಳಿ" ಅಂದೆ.

ಕೂತರು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಸಿದೆ, ಕಾಲು ಚಾಚಿಸಿದೆ, ಎರಡು ಕಾಲಿನ ನಡುವಿನ ಹಳ್ಳದಲ್ಲಿ ಮಗುವನ್ನ ಬೋರಲು ಮಲಗಿಸಿದೆ. ತಂಬಿಗೆ ಕೊಟ್ಟೆ. ಎತ್ತರದಿಂದ ಸುರೀಬೇಡಿ, ಅಂಗೈ ಅಡ್ಡ ಹಿಡೀರಿ, ಕುತ್ತಿಗೆ ಸಂದಿ ಬಿಟ್ಟಿರಿ ಅಂತ ನಾನು ಜೋರು ಮಾಡಿದೆ, ಹೂಂ ಹೂಂ ಅಂತ ಒಪ್ಪಿಸಿಕೊಂಡರು. ಮಗು ಅವರ ಮೇಲೆ ಬಿಸಿಬಿಸಿಯಾಗಿ ಉಚ್ಚೆಯನ್ನೂ ಹೊಯ್ದಿತು. "ಆಶೀರ್ವಾದ ಆತು ನೋಡ್ರೀ!" ಅಂತ ಬಚ್ಚಲು ಹಾರಿಹೋಗೋ ಹಾಗೆ ನಕ್ಕರು.

ಸೀರೆ ಸೊಂಟದ ಕೆಳಗೆ ಪೂರಾ ಒದ್ದೆ. ಬೇರೆ ಉಟ್ಟುಕೊಳ್ಳಿ ಅಂದರೆ ಕೇಳಲಿಲ್ಲ. "ಬ್ಯಾಡ್ರೀ, ಬಸ್ಸಿನ್ಯಾಗ ಆರತೈತಿ. ಗಟ್ಟಿ ಸೀರಿ" ಅಂದು ಕುಂಕುಮ ಹಚ್ಚಿಸಿಕೊಂಡು ಹೊರಟರು. ಗೇಟಿನವರೆಗೆ ಹೋದೆ. ಸೆರಗು ಸಿಕ್ಕಿಸಿಕೊಂಡು, ತುರುಬಲ್ಲಿ ಪೆನ್ನು, ನೆರಿಗೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಸಿಮೆಂಟು ರಸ್ತೆಯ ಮೇಲೆ ಅವರ ಹಿಂದೆ ಒಂದು ಒದ್ದೆ ಗೆರೆ. ತಿರುವಿನ ಹತ್ತಿರ ಯಾರನ್ನೋ ನಿಲ್ಲಿಸಿ ಮುಖ ನೋಡುತ್ತಾ ಇದ್ದರು, ಮೂಗೋ ಕಿವಿಯೋ. ಅಷ್ಟರಲ್ಲಿ ಒಳಗೆ ನನ್ನ ಬಂಗಾರ ಕಿರುಚಿಕೊಂಡಿತು, ಸ್ನಾನ ಆಗಿದೆ, ಹಸಿವಾಗಿದೆ, ಎಲ್ಲಿ ಹೋದ್ರಿ ಎಲ್ಲ ಅಂತ. ನಾನು ಬಿದ್ದೆನೋ ಎದ್ದೆನೋ ಅಂತ ಓಡಿದೆ.